ಯಂತ್ರದ ಪಾಪ ಯಾರದು?

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರುವರಿ 6ರಂದು ಉದ್ಘಾಟನೆಗೊಂಡ ಹೆಲಿಕಾಪ್ಟರ್ ಕಾರ್ಖಾನೆ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯದು. ಜನರ ಬಾಯಲ್ಲಿ ಅದು ಎಚ್‌ಎಎಲ್. ಇದೇ ಮೂರು ಇಂಗ್ಲಿಷ್ ಅಕ್ಷರಗಳ ಹೆಸರನ್ನು ಹೊತ್ತ ಗಣಕಯಂತ್ರವೊಂದು 1968ರಲ್ಲಿ ಬೆಳ್ಳಿತೆರೆಗೆ ಬಂದಿತ್ತು. ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶಿಸಿದ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ‘ಹಾಲ್ 9000’ ಅದು. ಕಾರ್ಖಾನೆಗೂ ಅದಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ. ಗುಬ್ಬಿ ವೀರಣ್ಣನವರ ಸೀಮೆಯಲ್ಲಿ ಸಿನಿಮಾದ ಮಾತು ಅಪರಿಚಿತವೂ ಅಲ್ಲ.

ಗುರುಗ್ರಹದತ್ತ ಹೊರಟ ನೌಕೆಯನ್ನು ನಡೆಸುವ ಆ ಯಂತ್ರ ತಪ್ಪನ್ನೇ ಮಾಡದೆಂಬ ಖ್ಯಾತಿ ಪಡೆದಿತ್ತು. ತಪ್ಪು ಕಂಡ ಯಾತ್ರಿಕರು ತನ್ನನ್ನು ನಿಲ್ಲಿಸಲಿದ್ದಾರೆಂದು ತಿಳಿದೊಡನೆ ಅದು ನಾಲ್ವರನ್ನು ಕೊಲ್ಲುತ್ತದೆ. ಉಳಿದವನೊಬ್ಬ ಅದರ ಸ್ಮೃತಿಯ ಬಿಡಿಭಾಗಗಳನ್ನು ಕಳಚತೊಡಗಿದಾಗ ತನಗೆ ಭಯವಾಗುತ್ತಿದೆ ಎಂದು ಮೆಲುದನಿಯಲ್ಲಿ ಹೇಳುತ್ತದೆ. ಪ್ರೇಕ್ಷಕನ ಮನಸ್ಸು ಕರಗುವುದು ಅಲ್ಲಿಯೇ.

ಜೈನ ಸಿದ್ಧಾಂತದಲ್ಲಿ ಭಯವು ನೋಕಷಾಯಗಳಲ್ಲಿ ಒಂದು. ಅದು ಸಂಸಾರಿ ಜೀವಕ್ಕೆ ಸಂಬಂಧಿಸಿದ್ದು. ಜೀವದ ಲಕ್ಷಣವು ಉಪಯೋಗ, ಅಂದರೆ ಜ್ಞಾನ–ದರ್ಶನರೂಪದ ಚೈತನ್ಯ, ಎಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಲೋಹ–ತಂತಿಗಳ ಯಂತ್ರ ಕೇವಲ ಪುದ್ಗಲ. ಅದಕ್ಕೆ ಕಷಾಯವಿಲ್ಲ, ಕರ್ಮಬಂಧವೂ ಇಲ್ಲ. ಹಾಗಾದರೆ ಆ ನಾಲ್ಕು ಕೊಲೆಗಳ ಪಾಪ ಯಾರದು?

1984ರಲ್ಲಿ ಬಂದ ಮುಂದಿನ ಭಾಗದಲ್ಲಿ ಉತ್ತರವಿದೆ. ಸುಳ್ಳರಿಯದ ಯಂತ್ರಕ್ಕೆ, ಪಯಣದ ನಿಜವಾದ ಉದ್ದೇಶವನ್ನು ಜೊತೆಗಾರರಿಂದ ಮುಚ್ಚಿಡಬೇಕೆಂದು ಅಧಿಕಾರಿಗಳು ಆಜ್ಞಾಪಿಸಿದ್ದರು. ಅಸತ್ಯ ಮುಂದೆ ಹೋದ ದಾರಿಯಲ್ಲಿ ಹಿಂಸೆ ಹಿಂಬಾಲಿಸಿತು. 2010ರ ತಮಿಳು ಚಿತ್ರ ‘ಎಂದಿರನ್’ನಲ್ಲಿಯೂ ಚಿಟ್ಟಿ ಎಂಬ ಯಂತ್ರಮಾನವನಲ್ಲಿ ಸಂಹಾರದ ಕೆಂಪು ಚಿಪ್ ಇಡುವುದು ಮತ್ಸರಗೊಂಡ ಮನುಷ್ಯನ ಕೈ. ಇಂಥ ಚಿತ್ರಗಳು ಯಂತ್ರವನ್ನು ರಾಕ್ಷಸನಾಗಿ ತೋರಿಸುವಾಗ ಆ ಕೈ ಮಸುಕಾಗುತ್ತದೆ.

ಕನ್ನಡದ ಜೈನಕವಿ ಜನ್ನ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಆ ಕೈ ಮಸುಕಾಗುವುದಿಲ್ಲ. ತಾಯಿ ಚಂದ್ರಮತಿ ಜೀವಬಲಿ ಬೇಡುತ್ತಾಳೆ. ಯಶೋಧರ ಅದಕ್ಕೊಪ್ಪದೆ ಕೊನೆಗೆ ಹಿಟ್ಟಿನ ಕೋಳಿಯನ್ನು ಬಲಿಕೊಡಲು ಸಮ್ಮತಿಸುತ್ತಾನೆ. ಕೋಳಿ ಬರಿಯ ಹಿಟ್ಟು. ಆದರೂ ಕೊಲ್ಲುವ ಸಂಕಲ್ಪ ನಿಜವಾದುದರಿಂದ ತಾಯಿ–ಮಗ ತಿರ್ಯಂಚ ಜನ್ಮಗಳಲ್ಲಿ ತೊಳಲಿ, ಅಭಯರುಚಿ–ಅಭಯಮತಿಯರಾಗಿ ಹುಟ್ಟುವವರೆಗೂ ನೋಯುತ್ತಾರೆ. ನಿರ್ಜೀವ ವಸ್ತು ಲೆಕ್ಕದಿಂದ ಹೊರಗುಳಿದರೂ ಅದನ್ನು ಹಿಡಿದವರು ಹೊರಗುಳಿಯಲಿಲ್ಲ.

ಬಿದರೆಹಳ್ಳ ಕಾವಲ್‌ನ ದುಡಿಮೆಯನ್ನು ಇದರೊಡನೆ ಬೆರೆಸಲಾಗದು. ಜೀವನೋಪಾಯದ ಉದ್ಯೋಗಿ ಹಿಂಸೆ, ರಕ್ಷಣೆಗೆ ಸಂಬಂಧಿಸಿದ ವಿರೋಧಿ ಹಿಂಸೆ ಗೃಹಸ್ಥನಿಗೆ ಪೂರ್ಣವಾಗಿ ತಪ್ಪಿದ್ದಲ್ಲ. ಶ್ರಾವಕ ಮೊದಲು ತ್ಯಜಿಸುವುದು ಸಂಕಲ್ಪಿ ಹಿಂಸೆಯನ್ನು.

ತಾನು ಮಾಡುವುದು ಕೃತ, ಪರರಿಂದ ಮಾಡಿಸುವುದು ಕಾರಿತ, ಮಾಡಿದ್ದನ್ನು ಮೆಚ್ಚುವುದು ಅನುಮೋದಿತ. ಯಂತ್ರಕ್ಕೆ ಆಜ್ಞೆ ಕೊಟ್ಟವನು ಎರಡನೆಯದರಲ್ಲಿ ಸಿಲುಕುತ್ತಾನೆ. ಚಿಟ್ಟಿ ಜನರನ್ನು ಕೊಂದುರುಳಿಸುವ ದೃಶ್ಯಕ್ಕೆ ಚಿತ್ರಮಂದಿರದಲ್ಲಿ ಏಳುವ ಶಿಳ್ಳೆ–ಚಪ್ಪಾಳೆ ಮೂರನೆಯದರದು; ಪರದೆಯ ಮೇಲಿನ ರಕ್ತ ಬಣ್ಣವಿರಬಹುದು, ಆ ಹಿಗ್ಗು ಬಣ್ಣದ್ದಲ್ಲ.