ಆಯುಧಪಾಣಿ ನಾಯಕಿ: ಜಪಾನಿನ ಅನಿಮೇಷನ್ ಸರಣಿಗಳು ಮತ್ತು ಕನ್ನಡದ 'ವೀರವನಿತೆ' ಪರಿಕಲ್ಪನೆ

ಬೆಂಗಳೂರಿನ ಪೂರ್ವ ಅಂಚಿನ ವರ್ತೂರು ಮೂಲತಃ ಕೆರೆಯನ್ನು ಆಶ್ರಯಿಸಿದ ಬೇಸಾಯದ ಊರು. ವೈಟ್‌ಫೀಲ್ಡ್ ಭಾಗದಲ್ಲಿ ಮಾಹಿತಿ ತಂತ್ರಜ್ಞಾನ ಉದ್ಯಮ ಬೆಳೆದಂತೆ ಅದು ಮಹಾನಗರದೊಳಗೆ ಸೇರಿಹೋಯಿತು. ಕನ್ನಡದೊಡನೆ ತೆಲುಗು, ತಮಿಳುಗಳು ಮೊದಲೇ ಬಳಕೆಯಲ್ಲಿದ್ದ ಈ ಪರಿಸರಕ್ಕೆ ದೇಶದ ಇತರ ಭಾಷೆಗಳೂ ಬಂದು ಕೂಡಿಕೊಂಡಿವೆ. ಇಂಥಲ್ಲಿನ ಕನ್ನಡ ತರಗತಿಯಲ್ಲಿ ಓಬವ್ವ, ಚೆನ್ನಮ್ಮರ ಪಾಠ ಕೇಳುವ ವಿದ್ಯಾರ್ಥಿಗೆ ಜಪಾನಿನ 'ಅನಿಮೆ'ಯ ಬಂದೂಕುಧಾರಿ ನಾಯಕಿಯೂ ಪರಿಚಿತಳಾಗಿರಬಹುದು. ಇವರೆಲ್ಲರನ್ನೂ 'ವೀರವನಿತೆ' ಎಂಬ ಒಂದೇ ಪದದಿಂದ ಗುರುತಿಸಲು ಸಾಧ್ಯವೇ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ಈ ಪ್ರಕಾರಕ್ಕೆ ಸ್ಪಷ್ಟ ರೂಪ ನೀಡಿದವುಗಳಲ್ಲಿ ಬೀ ಟ್ರೇನ್ ಸಂಸ್ಥೆ ನಿರ್ಮಿಸಿ, ಕೊಯಿಚಿ ಮಾಶಿಮೊ ನಿರ್ದೇಶಿಸಿದ ಮೂರು ಸರಣಿಗಳು ಗಮನಾರ್ಹವಾಗಿವೆ: 'ನ್ವಾರ್' (2001), 'ಮ್ಯಾಡ್‌ಲ್ಯಾಕ್ಸ್' (2004) ಮತ್ತು 'ಎಲ್ ಕಸಾದೋರ್ ದೆ ಲಾ ಬ್ರೂಹಾ' (2007). ಪ್ರತಿಯೊಂದರಲ್ಲಿಯೂ 26 ಕಂತುಗಳಿವೆ. ಪ್ರತಿಯೊಂದರ ಕೇಂದ್ರದಲ್ಲಿಯೂ ಇಬ್ಬರು ಯುವತಿಯರಿದ್ದಾರೆ. 1958ರ ಕಾಯಿದೆಯ ಮೂಲಕ ಬಂದೂಕು, ಖಡ್ಗಗಳನ್ನು ಬಿಗಿಯಾಗಿ ನಿಯಂತ್ರಿಸಿದ ಜಪಾನಿನಲ್ಲಿ ಬಂದೂಕು ದಿನಬಳಕೆಯ ಅನುಭವಕ್ಕಿಂತ ಹೆಚ್ಚಾಗಿ ಕಲ್ಪನೆಯ ವಸ್ತು. ಮೂರು ಕಥೆಗಳೂ ಬಹುಮಟ್ಟಿಗೆ ಜಪಾನಿನ ಹೊರಗೆ ನಡೆಯುವುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬಹುದು.

'ನ್ವಾರ್'ನ ಕಿರಿಕಾ ಎಚ್ಚರಗೊಂಡಾಗ ಅವಳಿಗೆ ತನ್ನ ಹೆಸರೇ ತಿಳಿಯದು. ಆದರೆ ಕೊಲ್ಲುವ ಕೌಶಲ ಅವಳ ಕೈಗೆ ಸಹಜವಾಗಿ ಬರುತ್ತದೆ. ಪ್ಯಾರಿಸ್ಸಿನ ಬಾಡಿಗೆ ಹಂತಕಿ ಮಿರೈಯ್ ಅವಳ ಜೊತೆಗಾತಿ. ಮಿರೈಯ್‌ಳ ತಂದೆತಾಯಿಯರನ್ನು ಕೊಂದವಳು ಬಾಲ್ಯದ ಕಿರಿಕಾಳೇ ಎಂಬುದು ಮುಂದೆ ಬಯಲಾಗುತ್ತದೆ. 'ಮ್ಯಾಡ್‌ಲ್ಯಾಕ್ಸ್'ನಲ್ಲಿ ಅಂತರ್ಯುದ್ಧದ ನಾಡಿನ ಬಾಡಿಗೆ ಯೋಧೆಯೊಬ್ಬಳು, ಶಾಂತ ದೇಶದ ಸಿರಿವಂತ ವಿದ್ಯಾರ್ಥಿನಿ ಮಾರ್ಗರೆಟ್ ಇನ್ನೊಬ್ಬಳು. ಇಬ್ಬರಿಗೂ ಹನ್ನೆರಡು ವರ್ಷಗಳ ಹಿಂದಿನ ನೆನಪಿಲ್ಲ. ಬಾಲ್ಯದಲ್ಲಿ ತಂದೆಯನ್ನು ಗುಂಡಿಟ್ಟು ಕೊಂದ ಘಳಿಗೆಯಲ್ಲಿ ಮಾರ್ಗರೆಟ್‌ಳ ಚೇತನ ಒಡೆದು, ಯೋಧೆ ಅದರ ಒಂದು ಅಂಶವಾಗಿ ರೂಪುಗೊಂಡಳೆಂಬುದೇ ಕಥೆಯ ತಿರುಳು. ಇಲ್ಲಿ ಆಯುಧ ಮೊದಲು, ನೆನಪು ಆಮೇಲೆ. ಶತ್ರುವನ್ನು ಗೆಲ್ಲುವುದಕ್ಕಿಂತ 'ಈ ಆಯುಧ ನನ್ನ ಕೈಗೆ ಹೇಗೆ ಬಂತು' ಎಂಬುದನ್ನು ಅರಿಯುವುದೇ ಕಥನದ ಗುರಿ.

ಕನ್ನಡ ಪರಂಪರೆಯ ಚಲನೆ ಇದಕ್ಕಿಂತ ಭಿನ್ನವಾದುದು. ಶ್ರವಣಬೆಳಗೊಳದ ಹತ್ತನೆಯ ಶತಮಾನದ ವೀರಗಲ್ಲು ಪತಿಯೊಡನೆ ಯುದ್ಧಕ್ಕೆ ಹೋಗಿ ಮಡಿದ ಸಾವಿಯಬ್ಬೆಯನ್ನು ಕುದುರೆಯೇರಿ ಖಡ್ಗ ಹಿಡಿದವಳಾಗಿ ಚಿತ್ರಿಸುತ್ತದೆ. ಚಿತ್ರದುರ್ಗದ ಓಬವ್ವ ಊಟಕ್ಕೆ ಕುಳಿತ ಕಾವಲುಗಾರ ಗಂಡನ ಬದಲಿಗೆ ಕಿಂಡಿಯ ಬಳಿ ನಿಲ್ಲುತ್ತಾಳೆ. ಅವಳ ಆಯುಧ ಮನೆಯ ಒನಕೆ. ಕಿತ್ತೂರು ಚೆನ್ನಮ್ಮ ದತ್ತುಪುತ್ರನ ಹಕ್ಕಿಗಾಗಿ, ಸಂಸ್ಥಾನದ ಉಳಿವಿಗಾಗಿ ಯುದ್ಧಕ್ಕೆ ನಿಲ್ಲುತ್ತಾಳೆ. ಈ ಮೂವರಲ್ಲಿಯೂ ಆಯುಧಕ್ಕೆ ಪೂರ್ವದಲ್ಲಿ ಒಂದು ಸಂಬಂಧವಿದೆ: ಪತಿ, ಕೋಟೆ ಅಥವಾ ನಾಡು. ಆ ಸಂಬಂಧವೇ ಆಯುಧವನ್ನು ಸಮರ್ಥಿಸುತ್ತದೆ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಹತನಾದ ಕಿತ್ತೂರಿನ ಕದನ ಕೋವಿ, ಫಿರಂಗಿಗಳ ಕಾಲದ್ದು. ಆದರೂ ಚೆನ್ನಮ್ಮನ ಜನಪ್ರಿಯ ಪ್ರತಿಮೆಗಳಲ್ಲಿರುವುದು ಖಡ್ಗವೇ ಹೊರತು ಕೋವಿಯಲ್ಲ.

ಕನ್ನಡ ಚಲನಚಿತ್ರದ ನಾಯಕಿಗೆ ಪಿಸ್ತೂಲು ದೊರೆತದ್ದು ಬಹುಮಟ್ಟಿಗೆ ಪೊಲೀಸ್ ಸಮವಸ್ತ್ರದ ಮೂಲಕ. ಮಾಲಾಶ್ರೀ ಅಭಿನಯದ 'ಕಿರಣ್ ಬೇಡಿ' (2009) ಇದಕ್ಕೆ ನಿದರ್ಶನ. ಇಲ್ಲಿ ಪತಿ, ಕೋಟೆಗಳ ಸ್ಥಾನವನ್ನು ಪ್ರಭುತ್ವ ವಹಿಸಿಕೊಂಡಿದೆ; ಆಯುಧಕ್ಕೆ ಹೊರಗಿನಿಂದ ಸಮರ್ಥನೆ ಬೇಕೆಂಬ ನಿಯಮ ಮಾತ್ರ ಬದಲಾಗಿಲ್ಲ. ಸಂಬಂಧವನ್ನೇ ಕಳೆದುಕೊಂಡ ಕೈಯಲ್ಲಿ ಆಯುಧವಿರುವ ಹೆಣ್ಣನ್ನು ಈ ಪರಂಪರೆ ನಾಯಕಿಯ ಪದವಿಗೇರಿಸಿದ್ದು ವಿರಳ.

ಇದರಲ್ಲಿ ಭಾಷೆಯ ಪ್ರಶ್ನೆಯೂ ಅಡಗಿದೆ. ಕನ್ನಡದಲ್ಲಿ ಡಬ್ಬಿಂಗ್ ವಿರೋಧ ದಶಕಗಳ ಕಾಲ ಅಲಿಖಿತ ನಿಷೇಧದಂತೆ ಜಾರಿಯಲ್ಲಿತ್ತು. ಅದನ್ನು ತಡೆಯುವ ಕ್ರಮಗಳು ಸ್ಪರ್ಧೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶಿಸಿತು. ಆ ವಿರೋಧಕ್ಕೆ ಕನ್ನಡ ಚಿತ್ರೋದ್ಯಮದ ಬದುಕನ್ನು ಉಳಿಸುವ ನ್ಯಾಯವಾದ ಕಾಳಜಿಯಿತ್ತು. ಆದರೆ ಇಂಥ ಕಥೆಗಳು ಇಂಗ್ಲಿಷಿನ ಮೂಲಕವೇ ತಲುಪಿದಾಗ ಅವುಗಳನ್ನು ಚರ್ಚಿಸುವ ಪರಿಭಾಷೆಯೂ ಕನ್ನಡದಲ್ಲಿ ಬೆಳೆಯುವುದಿಲ್ಲ.

ಒಟ್ಟಿನಲ್ಲಿ, ಕಿರಿಕಾಳನ್ನು 'ಜಪಾನಿನ ಓಬವ್ವ' ಎಂದು ಕರೆಯುವುದರಿಂದ ಇಬ್ಬರಿಗೂ ಅನ್ಯಾಯವಾಗುತ್ತದೆ. 'ವೀರವನಿತೆ' ಎಂಬ ಪದದಲ್ಲಿ ಪ್ರಶಂಸೆ ಮೊದಲೇ ಸೇರಿಕೊಂಡಿದೆ. 'ಆಯುಧಪಾಣಿ' ಎಂಬುದು ಕೈಯಲ್ಲಿರುವುದನ್ನಷ್ಟೇ ಹೇಳಿ, ತೀರ್ಪನ್ನು ಓದುಗರಿಗೆ ಬಿಡುತ್ತದೆ. ಈ ವ್ಯತ್ಯಾಸವನ್ನು ಮುಂದಿಟ್ಟುಕೊಂಡು ಬೋಧಿಸಿದರೆ, ಬಹುಭಾಷಿಕ ತರಗತಿಯ ವಿದ್ಯಾರ್ಥಿ ತಾನು ಬಲ್ಲ ಕಥೆಯಿಂದಲೇ ಸಾವಿಯಬ್ಬೆಯ ಕಲ್ಲಿನತ್ತ ಹೊಸ ಪ್ರಶ್ನೆಯೊಂದಿಗೆ ಬರಬಲ್ಲ: ಆ ಖಡ್ಗ ಅವಳದೇ ಆಗಿತ್ತೇ, ಪತಿಯ ಯುದ್ಧದ್ದಾಗಿತ್ತೇ? ಕನ್ನಡ ಸಂಶೋಧನೆ ಉತ್ತರಿಸಬೇಕಾದ ಪ್ರಶ್ನೆ ಇದು.