ಮೃದ್ವಸ್ಥಿಯ ಪುನರ್ನಿರ್ಮಾಣ: ಆಕರಕೋಶಗಳು ಮತ್ತು ವರ್ಧಕಾಂಶಗಳು

ಕ್ರಿ.ಶ. 1743ರಲ್ಲಿ ವಿಲಿಯಂ ಹಂಟರ್ ಎಂಬ ಅಂಗರಚನಾಶಾಸ್ತ್ರಜ್ಞನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಕೀಲುಗಳ ಮೃದ್ವಸ್ಥಿಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದನು. ಒಮ್ಮೆ ನಾಶವಾದ ಮೃದ್ವಸ್ಥಿಯು ಮರಳಿ ಕೂಡಿಬರುವುದಿಲ್ಲವೆಂಬುದು ಅದರಲ್ಲಿನ ಮುಖ್ಯ ಅಭಿಪ್ರಾಯಗಳಲ್ಲೊಂದು. ಇನ್ನೂರೈವತ್ತು ವರ್ಷಗಳಿಗೂ ಮೀರಿದ ಕಾಲ ಕಳೆದಿದ್ದರೂ ಆ ಮಾತು ಪೂರ್ಣವಾಗಿ ಸುಳ್ಳಾಗಿಲ್ಲ. ಅದನ್ನು ಸುಳ್ಳಾಗಿಸಲು ನಡೆದಿರುವ ಪ್ರಯತ್ನಗಳನ್ನು ಚರಿತ್ರೆಯ ದೃಷ್ಟಿಯಿಂದ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕೀಲಿನಲ್ಲಿ ಮೂಳೆಗಳ ತುದಿಯನ್ನು ಮುಚ್ಚಿರುವ ನುಣುಪಾದ ಹೊದಿಕೆಯೇ ಮೃದ್ವಸ್ಥಿ. ಮಂಡಿಯಲ್ಲಿ ಇದರ ದಪ್ಪ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರು. ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಉಳಿದುದು ಬಹುಮಟ್ಟಿಗೆ ಎರಡನೆಯ ಬಗೆಯ ಕೊಲಾಜನ್ ಎಂಬ ನಾರು ಮತ್ತು ನೀರನ್ನು ಹಿಡಿದಿಡುವ ಅಗ್ರಿಕ್ಯಾನ್ ಎಂಬ ವಸ್ತು. ಜೀವಕೋಶಗಳಾದರೋ ಅತಿ ವಿರಳ. ಇದರಲ್ಲಿ ರಕ್ತನಾಳಗಳೂ ಇಲ್ಲ, ನರಗಳೂ ಇಲ್ಲ. ರಕ್ತವು ಬಾರದ ಕಡೆಗೆ ದುರಸ್ತಿಯ ಸಾಮಗ್ರಿಯೂ ಬಾರದು. ನರವಿಲ್ಲದ ಕಡೆ ಸವೆತದ ಸುಳಿವು ನೋವಿನ ರೂಪದಲ್ಲಿ ಬೇಗನೆ ತಿಳಿಯದು. ಹಂಟರನು ಕಂಡ ಸಂಗತಿಗೆ ಕಾರಣ ಇದೇ.

ಹೊಸ ಅಂಗಾಂಶವನ್ನು ಕಟ್ಟಲು ಮೂರು ಅಂಗಗಳು ಬೇಕೆಂದು ಈ ವಿದ್ಯೆಯು ಭಾವಿಸುತ್ತದೆ: ಜೀವಕೋಶ, ಅದಕ್ಕೆ ಆಸರೆಯಾಗುವ ಚೌಕಟ್ಟು, ಅದನ್ನು ನಡೆಸುವ ಸಂಕೇತ. 1993ರಲ್ಲಿ ಲ್ಯಾಂಗರ್ ಮತ್ತು ವಕಾಂಟಿ ಅವರು ಬರೆದ ಲೇಖನವು ಈ ಕಲ್ಪನೆಯನ್ನು ಪ್ರಸಿದ್ಧಿಗೆ ತಂದಿತು.

ಮರುವರ್ಷವೇ, 1994ರಲ್ಲಿ, ಸ್ವೀಡನ್ನಿನ ಬ್ರಿಟ್‌ಬರ್ಗ್, ಪೀಟರ್ಸನ್ ಮತ್ತು ಸಂಗಡಿಗರು 23 ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ರೋಗಿಯದೇ ಮೃದ್ವಸ್ಥಿಯ ಕೋಶಗಳನ್ನು ತೆಗೆದು, ಹೊರಗೆ ಬೆಳೆಸಿ, ಮಂಡಿಯ ಗಾಯದಲ್ಲಿ ಇರಿಸಲಾಗಿತ್ತು. ಈ ಮಾರ್ಗದಲ್ಲಿ ಒಂದು ತೊಡಕುಂಟು. ಚಪ್ಪಟೆಯಾದ ತಟ್ಟೆಯಲ್ಲಿ ಬೆಳೆಸಿದ ಕೋಶಗಳು ತಮ್ಮ ಸ್ವಭಾವವನ್ನು ಮರೆತು, ಎರಡನೆಯ ಬಗೆಯ ಕೊಲಾಜನ್ನಿಗೆ ಬದಲಾಗಿ ಮೊದಲನೆಯ ಬಗೆಯದನ್ನು ತಯಾರಿಸತೊಡಗುತ್ತವೆ. ಅವನ್ನು ಅಗರೋಸ್ ಎಂಬ ಲೋಳೆಯಲ್ಲಿ ಹುದುಗಿಸಿದರೆ ಹಿಂದಿನ ಸ್ವಭಾವವು ಮರಳುವುದೆಂದು ಬೆನ್ಯಾ ಮತ್ತು ಶಾಫರ್ ಅವರು 1982ರಲ್ಲಿಯೇ ತೋರಿಸಿದ್ದರು.

ಮೃದ್ವಸ್ಥಿಯ ಕೋಶಗಳು ವಿರಳವಾದುದರಿಂದ ವಿದ್ವಾಂಸರ ದೃಷ್ಟಿ ಅಸ್ಥಿಮಜ್ಜೆಯ ಕಡೆಗೆ ಹರಿಯಿತು. ಅಲ್ಲಿನ ಕೆಲವು ಕೋಶಗಳಿಗೆ ಮೂಳೆಯನ್ನು ನಿರ್ಮಿಸುವ ಶಕ್ತಿಯಿರುವುದನ್ನು ಸೋವಿಯತ್ ವಿಜ್ಞಾನಿ ಫ್ರೀಡೆನ್‌ಸ್ಟೈನ್ ಅವರು 1960ರ ದಶಕದಿಂದ ಪರಿಶೋಧಿಸಿದ್ದರು. 1991ರಲ್ಲಿ ಕ್ಯಾಪ್ಲನ್ ಅವರು ಇವನ್ನು ಆಕರಕೋಶಗಳೆಂದು ಕರೆದರು. 1998ರಲ್ಲಿ ಜಾನ್‌ಸ್ಟನ್ ಮತ್ತು ಸಂಗಡಿಗರು ಮೊಲದ ಮಜ್ಜೆಯ ಕೋಶಗಳನ್ನು ಒತ್ತಾದ ಉಂಡೆಯಾಗಿಸಿ, ಟಿಜಿಎಫ್-ಬೀಟಾ ಎಂಬ ವರ್ಧಕಾಂಶವನ್ನು ಒದಗಿಸಿ, ಮೃದ್ವಸ್ಥಿಯನ್ನು ಪಡೆದರು.

ವರ್ಧಕಾಂಶವೆಂದರೇನು? ಕೋಶದ ಹೊರಮೈಯ ಗ್ರಾಹಕಕ್ಕೆ ಅಂಟಿಕೊಂಡು, ಒಳಗಿನ ಜೀನುಗಳಿಗೆ ಆಜ್ಞೆ ತಲುಪಿಸುವ ಪ್ರೋಟೀನು. ಟಿಜಿಎಫ್-ಬೀಟಾದ ಆಜ್ಞೆಯನ್ನು ಸ್ಮಾಡ್ ಎಂಬ ದೂತರು ಕೋಶಕೇಂದ್ರಕ್ಕೆ ಒಯ್ಯುತ್ತಾರೆ. ಅಲ್ಲಿ ಸಾಕ್ಸ್-9 ಎಂಬ ನಿಯಾಮಕವು ಪ್ರಬಲವಾಗಿ, ಎರಡನೆಯ ಬಗೆಯ ಕೊಲಾಜನ್ನೂ ಅಗ್ರಿಕ್ಯಾನೂ ಉತ್ಪನ್ನವಾಗುತ್ತವೆ.

ಆದರೆ ಮಜ್ಜೆಯ ಕೋಶಗಳು ಅಷ್ಟಕ್ಕೇ ನಿಲ್ಲುವುದಿಲ್ಲ. ಭ್ರೂಣದಲ್ಲಿ ಬಹುಪಾಲು ಮೂಳೆಗಳು ಮೊದಲು ಮೃದ್ವಸ್ಥಿಯಾಗಿದ್ದು ಅನಂತರ ಗಟ್ಟಿಯಾಗುತ್ತವೆ. 1965ರಲ್ಲಿ ಯೂರಿಸ್ಟ್ ಅವರು ಖನಿಜಾಂಶವನ್ನು ತೆಗೆದ ಮೂಳೆಯನ್ನು ಪ್ರಾಣಿಗಳ ಸ್ನಾಯುವಿನಲ್ಲಿ ಹುದುಗಿಸಿ, ಅಲ್ಲಿ ಹೊಸ ಮೂಳೆಯನ್ನು ಕಂಡದ್ದಕ್ಕೂ ಹಿನ್ನೆಲೆ ಇಂಥದೇ ಕ್ರಮ. ಪ್ರಯೋಗಾಲಯದ ಕೋಶಗಳೂ ಇದೇ ದಾರಿ ಹಿಡಿದು, ಉಬ್ಬಿ, ಹತ್ತನೆಯ ಬಗೆಯ ಕೊಲಾಜನ್ನನ್ನು ತಯಾರಿಸಿ, ಸುಣ್ಣಗಟ್ಟುವುದುಂಟು. ಮೃದ್ವಸ್ಥಿಯನ್ನು ಹುಟ್ಟಿಸುವುದಕ್ಕಿಂತಲೂ ಅದನ್ನು ಮೃದ್ವಸ್ಥಿಯಾಗಿಯೇ ಉಳಿಸುವುದು ಕಠಿನವೆಂಬುದು ಇದರಿಂದ ವಿದಿತವಾಗುತ್ತದೆ.

ವರ್ಧಕಾಂಶವನ್ನೇ ಕೀಲಿಗೆ ಚುಚ್ಚುವ ಪ್ರಯತ್ನವೂ ನಡೆದಿದೆ. ಸ್ಪ್ರಿಫರ್ಮಿನ್ ಎಂಬ ಔಷಧವನ್ನು 549 ಮಂದಿಯಲ್ಲಿ ಪರೀಕ್ಷಿಸಿದ ಫಲವು 2019ರಲ್ಲಿ ಪ್ರಕಟವಾಯಿತು. ಅತ್ಯಧಿಕ ಪ್ರಮಾಣವನ್ನು ಪಡೆದವರಲ್ಲಿ ಎರಡು ವರ್ಷಗಳ ತರುವಾಯ ಮೃದ್ವಸ್ಥಿಯ ದಪ್ಪವು, ಹುಸಿಮದ್ದು ಪಡೆದವರಿಗಿಂತ ಸುಮಾರು 0.05 ಮಿಲಿಮೀಟರಿನಷ್ಟು ಹೆಚ್ಚಾಗಿತ್ತು. ನೋವಿನ ವಿಷಯದಲ್ಲಿ ಮಾತ್ರ ಗಣನೀಯವಾದ ವ್ಯತ್ಯಾಸ ಕಂಡುಬರಲಿಲ್ಲ. ಅಳತೆಯ ಜಯವೂ ರೋಗಿಯ ಉಪಶಮನವೂ ಒಂದೇ ಅಲ್ಲ.

ಚರಿತ್ರೆಯ ವಿದ್ಯಾರ್ಥಿಯು ಇಲ್ಲಿ ಇನ್ನೊಂದನ್ನು ಲಕ್ಷಿಸಬೇಕು. ಶರೀರಕ್ಕೆ ಚುಚ್ಚಿದ ಈ ಕೋಶಗಳು ತಾವೇ ಅಂಗಾಂಶವಾಗುವುದಕ್ಕಿಂತ ಸುತ್ತಲಿನ ಕೋಶಗಳಿಗೆ ಸಂಕೇತ ಕಳುಹಿಸುವುದೇ ಹೆಚ್ಚೆಂದೂ, ಆದುದರಿಂದ ಹೆಸರನ್ನು ಬದಲಿಸಬೇಕೆಂದೂ 2017ರಲ್ಲಿ ಕ್ಯಾಪ್ಲನ್ ಅವರೇ ವಾದಿಸಿದರು. ಹೆಸರಿಟ್ಟವರೇ ಹೆಸರನ್ನು ಹಿಂತೆಗೆದುಕೊಳ್ಳಬಯಸಿದರೂ ಅದು ಜಾಹೀರಾತುಗಳಲ್ಲಿ ಉಳಿದಿದೆ. ಮಂಡಿನೋವಿನಿಂದ ಬಳಲುವ ಹಿರಿಯರು ಅದನ್ನು ನಂಬಿ ಉಳಿತಾಯವನ್ನು ವ್ಯಯಿಸುವ ಸಂಭವವಿದೆ. ಯಾವ ಕೋಶ, ಯಾವ ಬಗೆಯ ಗಾಯ, ಯಾರೊಡನೆ ಹೋಲಿಕೆ, ಎಷ್ಟು ವರ್ಷಗಳ ಫಲ? ದಾಖಲೆಯನ್ನು ಪರೀಕ್ಷಿಸುವ ಈ ಪ್ರಶ್ನೆಗಳು ಶಾಸನ ಓದುವವನಿಗೆಷ್ಟೋ, ಚಿಕಿತ್ಸೆಯನ್ನು ಅರಸುವವನಿಗೂ ಅಷ್ಟೇ ಅವಶ್ಯಕ. ಇವನ್ನು ಕೇಳುವ ಅಭ್ಯಾಸವನ್ನು ತರಗತಿಯಲ್ಲಿ ಬೆಳೆಸುವುದು ಯಾವ ವಿಭಾಗದ ಅಧ್ಯಾಪಕನಿಗೂ ಸಾಧ್ಯವಾದ ಕೆಲಸ.