ಅನುಭವ ಪಾಠವಾಗುವ ಬಗೆ

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಮಲಪನಗುಡಿ ಇದೆ. ಭತ್ತ, ಬಾಳೆ, ಕಬ್ಬು ಬೆಳೆಯುವ ನೀರಾವರಿ ಸೀಮೆಯಿದು. ಇಂಥ ಊರಿನ ಕೂಲಿ ಹೆಂಗಸೊಬ್ಬಳು ಸಕ್ಕರೆ ಕಾಯಿಲೆಯಿಂದಾಗಿ ಮಾಯದ ಕಾಲಿನ ಹುಣ್ಣು ತೋರಿಸಲು ಆಸ್ಪತ್ರೆಗೆ ಬಂದಳೆಂದು ಇಟ್ಟುಕೊಳ್ಳೋಣ. 'ಬರಿಗಾಲಲ್ಲಿ ನಡೀಬೇಡಮ್ಮ, ಕಾಲು ಒದ್ದೆ ಮಾಡ್ಕೋಬೇಡ' ಎಂದು ವೈದ್ಯ ವಿದ್ಯಾರ್ಥಿ ಹೇಳಿ ಕಳುಹಿಸುತ್ತಾನೆ. ತಿಂಗಳ ಬಳಿಕ ಅವಳು ಮರಳಿದಾಗ ಹುಣ್ಣು ಮೂಳೆ ಮುಟ್ಟಿರುತ್ತದೆ. 'ಹಳ್ಳಿಯವರು ಹೇಳಿದ ಮಾತು ಕೇಳುವುದಿಲ್ಲ' ಎಂದು ಅವನು ತೀರ್ಮಾನಿಸಿದರೆ, ಅದು ಅನುಭವವಾಯಿತೇ ಹೊರತು ಕಲಿಕೆಯಾಗಲಿಲ್ಲ.

ಅನುಭವವನ್ನು ಕಲಿಕೆಯಾಗಿ ಮಾರ್ಪಡಿಸುವುದು ಹೇಗೆಂಬುದು ವೈದ್ಯ ಶಿಕ್ಷಣದ ಹಳೆಯ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ಉಪನ್ಯಾಸದ ಕೊಠಡಿಯಿಂದ ರೋಗಿಯ ಹಾಸಿಗೆಯ ಬಳಿಗೆ ಕರೆತಂದರು. 1950ರ ದಶಕದಲ್ಲಿ ಲಂಡನ್ನಿನಲ್ಲಿ ಮೈಕೇಲ್ ಬ್ಯಾಲಿಂಟ್ ಕುಟುಂಬ ವೈದ್ಯರನ್ನು ಗುಂಪಾಗಿ ಕೂರಿಸಿ, ತಮ್ಮನ್ನು ಕಾಡಿದ ರೋಗಿಗಳ ಬಗ್ಗೆ ಮಾತನಾಡಿಸಿದರು. ಕೆಲಸ ಮಾಡುತ್ತಲೂ ಮಾಡಿದ ಮೇಲೂ ಅದನ್ನು ಕುರಿತು ಚಿಂತಿಸುವವನೇ ಪಳಗುತ್ತಾನೆಂದು ಡೊನಾಲ್ಡ್ ಶಾನ್ 1983ರಲ್ಲಿ ವಾದಿಸಿದರು.

ಇದರ ಕ್ರಮ ಸರಳ. ಏನಾಯಿತು? ಅದರ ಅರ್ಥವೇನು? ಮುಂದೆ ಏನು ಮಾಡಬೇಕು? ಈ ಮೂರು ಪ್ರಶ್ನೆಗಳಿಗೆ ವಿದ್ಯಾರ್ಥಿ ಉತ್ತರ ಬರೆದು, ಸಹಪಾಠಿಗಳ ಮುಂದಿಡುತ್ತಾನೆ. ಆಗ ಹೊಲದ ಮನೆಯಿಂದ ಬಂದ ಸಹಪಾಠಿಯೊಬ್ಬಳು, 'ನಾಟಿಯ ಕಾಲದಲ್ಲಿ ಕೆಸರಿಗೆ ಇಳಿಯದಿದ್ದರೆ ಅವಳಿಗೆ ಕೂಲಿ ಎಲ್ಲಿಂದ?' ಎಂದು ಕೇಳಬಹುದು. ಸಲಹೆ ತಪ್ಪಾಗಿರಲಿಲ್ಲ, ಅವಳ ದುಡಿಮೆ ಎಂಥದೆಂದು ಕೇಳದೆ ಕೊಟ್ಟದ್ದು ಕೊರತೆ. ಒಬ್ಬನ ಕಣ್ಣಿಗೆ ಬೀಳದ್ದು ಹತ್ತು ಜನರ ನಡುವೆ ಕಾಣುತ್ತದೆ.

ಭಾರತದಲ್ಲಿ 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮವು ನಡವಳಿಕೆ, ನೀತಿ ಹಾಗೂ ರೋಗಿಯೊಡನೆ ಮಾತನಾಡುವ ಕಲೆಗೆ ಪ್ರತ್ಯೇಕ ಪಾಠಗಳನ್ನಿಟ್ಟು, ಇಂಥ ಬರವಣಿಗೆಗೂ ಜಾಗ ನೀಡಿತು. ಬಳಿಕ ಬಂದ ಕುಟುಂಬ ದತ್ತು ಕಾರ್ಯಕ್ರಮ ವಿದ್ಯಾರ್ಥಿಗಳನ್ನು ಹಳ್ಳಿಯ ಮನೆಗಳಿಗೇ ಕಳುಹಿಸುತ್ತದೆ. ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾಗಿ, ವಿಮ್ಸ್ ಎಂದು ಜನರಿಗೆ ಪರಿಚಿತವಾದ ಸರ್ಕಾರಿ ವೈದ್ಯಕೀಯ ಕಾಲೇಜಿನಂಥ ಕಡೆ ಇದರ ಅಗತ್ಯ ಹೆಚ್ಚು. ಬೇರೆ ಬೇರೆ ಸೀಮೆಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ಗದ್ದೆಯ, ಗಣಿಯ ದುಡಿಮೆಗಾರರ ಮಾತನ್ನೂ ಬದುಕನ್ನೂ ಅರಿಯಬೇಕಾಗುತ್ತದೆ.

ಆದರೆ ಎರಡು ಎಚ್ಚರಿಕೆಗಳಿವೆ. ರೋಗಿಯ ಹೆಸರು, ಗುರುತು ಹೊರಬೀಳಬಾರದು. ತಪ್ಪು ಒಪ್ಪಿಕೊಂಡವನನ್ನು ಗದರಿಸಬಾರದು. ಅಂಕಕ್ಕೆ ಅಂಜಿದವನು ಗುರುಗಳಿಗೆ ಹಿಡಿಸುವುದನ್ನಷ್ಟೇ ಬರೆದಾನು. ಅವನು ಮುಚ್ಚಿಟ್ಟ ತಪ್ಪಿನ ಬೆಲೆ ತೆರುವವಳು ಮಾತ್ರ ಮುಂದಿನ ರೋಗಿ.